ಬಾಲದ ಕುದುರೆ

ಕಲೀಪಾ ಓಡಲು ಶುರುಮಾಡಿದಾಗ ಅವಳಿಗೆ ನಲವತ್ತಾರು ವರ್ಷ. ಊರಿನ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುವ ಕೆಲಸ; ಮನೆಯಲ್ಲಿ ಗಂಡ, ಅತ್ತೆ, ಎರಡು ಹಸು. ಇಷ್ಟರ ನಡುವೆ ಓಡುವುದಕ್ಕೆ ಹೊತ್ತು ಎಲ್ಲಿಂದ ಬಂತು ಎಂದು ಕೇಳಿದವರೇ ಹೆಚ್ಚು. ಬೆಳಗ್ಗೆ ಹಾಲು ಕರೆದು, ಹಸುಗಳನ್ನು ಗುಡ್ಡಕ್ಕೆ ಅಟ್ಟಿ, ನಡೆದು ಬರುವ ಬದಲು ಓಡಿ ಬರುತ್ತಿದ್ದಳು, ಅಷ್ಟೆ. ಮೊದಮೊದಲು ಊರಿನವರು ಇವಳ ಹಸು ಕಳೆದುಹೋಗಿದೆ ಎಂದುಕೊಂಡು ಹುಡುಕಲು ಹೊರಟದ್ದೂ ಉಂಟು. ಕಳೆದಿಲ್ಲ, ಸುಮ್ಮನೆ ಓಡುತ್ತಿದ್ದೇನೆ ಎಂದಾಗ, ಹಸು ಕಳೆದಿದ್ದರೇ ವಾಸಿಯಿತ್ತು ಎನ್ನುವ ಹಾಗೆ ಅವಳ ಮುಖ ನೋಡಿದರು.

ಹುಡುಗಿಯಾಗಿದ್ದಾಗ ಅವಳನ್ನು ಓಟದಲ್ಲಿ ಹಿಂದೆ ಹಾಕುವವರು ಇರಲಿಲ್ಲ. ನಗರದ ಕ್ರೀಡಾಶಾಲೆಗೆ ಕಳಿಸಬೇಕೆಂದು ಮೇಷ್ಟರೊಬ್ಬರು ಓಡಾಡಿದ್ದರು. ಅಷ್ಟರಲ್ಲಿ ಮದುವೆಯಾಯಿತು. ಗಂಡ ಕೆಟ್ಟವನಲ್ಲ, ಅತ್ತೆಯೂ ಕೆಟ್ಟವಳಲ್ಲ. ಆದರೆ ಸೊಸೆಯಾಗಿ ಹೊಸ್ತಿಲು ದಾಟಿದ ದಿನದಿಂದ ಕಲೀಪಾ ಹಿಡಿದ ಒಂದು ಕೆಲಸವನ್ನೂ ಒಂದೇ ಉಸಿರಿಗೆ ಮುಗಿಸಿದ್ದಿಲ್ಲ. ಹಿಟ್ಟು ನಾದುತ್ತಿದ್ದರೆ ಯಾರೋ ಕರೆಯುತ್ತಾರೆ. ಹೊಲಿಯಲು ಕೂತರೆ ಕರು ಹಗ್ಗ ಕಿತ್ತುಕೊಳ್ಳುತ್ತದೆ. ತನ್ನ ತಾಯಿ ಸತ್ತ ವರ್ಷ ಕೊಟ್ಟಿಗೆಯಲ್ಲಿ ಕೂತು ಅತ್ತಾಗಲೂ ಅಳು ಅರ್ಧಕ್ಕೇ ನಿಂತಿತ್ತು. ಯಾರೋ ಚಹಾಕ್ಕೆ ಬಂದಿದ್ದರು. ಒಂದೇ ಒಂದನ್ನು, ಏನಾದರೂ ಸರಿ, ಮೊದಲಿನಿಂದ ಕೊನೆಯವರೆಗೆ ತಾನೇ ಮುಗಿಸಬೇಕು ಎಂಬುದು ಅವಳ ಆಸೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಪ್ರತಿ ಜುಲೈಯಲ್ಲಿ ಅವರ ಊರಿನಲ್ಲಿ ಒಂದು ಓಟ ನಡೆಯುತ್ತದೆ. ಬೆಳಕು ಹರಿಯುವಾಗ ಊರಿನಿಂದ ಹೊರಟು, ಹುಲ್ಲುಗಾವಲುಗಳನ್ನು ಬಳಸಿಕೊಂಡು ಕೊಕ್-ಬೆಲ್ ಘಟ್ಟ ಹತ್ತಿ, ಇನ್ನೊಂದು ದಾರಿಯಿಂದ ಸಂಜೆಯೊಳಗೆ ಮತ್ತೆ ಊರಿಗೆ ಇಳಿಯಬೇಕು. ರಾಜಧಾನಿ ಬಿಷ್ಕೆಕ್‌ನಿಂದ, ಗಡಿಯಾಚೆಯ ಅಲ್ಮಾಟಿಯಿಂದ, ದೂರದ ಜರ್ಮನಿಯಿಂದಲೂ ಜನ ಬರುತ್ತಾರೆ. ಎಲ್ಲರ ಹಿಂದೆ ಒಂದು ಕುದುರೆ ಬರುತ್ತದೆ. ದಾರಿಗೆಂದು ನೆಟ್ಟ ಕೆಂಪು ಬಾವುಟಗಳನ್ನು ಸವಾರ ಕಿತ್ತುಕೊಳ್ಳುತ್ತಾ ಬರುತ್ತಾನೆ. ಕುದುರೆ ಓಡುವುದೂ ಇಲ್ಲ, ನಿಲ್ಲುವುದೂ ಇಲ್ಲ. ಅದಕ್ಕೆ ಬಾಲದ ಕುದುರೆ ಎಂದು ಹೆಸರು. ಅದು ದಾಟಿ ಹೋಯಿತೆಂದರೆ ಓಟ ಅಲ್ಲಿಗೆ ಮುಗಿಯಿತು. ಎದೆಯ ಮೇಲಿನ ನಂಬರು ಬಿಚ್ಚಿ ಸವಾರನ ಕೈಗೆ ಕೊಡಬೇಕು.

ಆ ಸವಾರ ಕಲೀಪಾಳ ಗಂಡನ ಚಿಕ್ಕಪ್ಪನ ಮಗ ಎಸೆನ್‌ಕುಲ್. ಕಾಡಿನ ಕಾವಲುಗಾರ. ಹೆಣ್ಣು ಕೊಟ್ಟ ಮಾವನೇ ಕದ್ದು ಕಡಿದ ಮರವನ್ನೂ ಜಪ್ತಿ ಮಾಡಿ ಗಾಡಿಗೆ ಹೇರಿಸಿಕೊಂಡು ಹೋದ ಮಹಾಶಯ. ನಂಟಸ್ತಿಕೆ ಅವನ ಮುಂದೆ ನಡೆಯುವುದಿಲ್ಲ.

ಕಲೀಪಾ ಈ ಓಟಕ್ಕೆ ಸೇರಿದ ಮೊದಲ ಎರಡು ವರ್ಷವೂ ಬಾಲದ ಕುದುರೆ ಅವಳನ್ನು ದಾಟಿತು. ಕಾಲು ಸೋತಿದ್ದರೆ ಹಾಗಿರಲಿ ಎನ್ನಬಹುದಿತ್ತು. ಕಾಲು ಚೆನ್ನಾಗಿಯೇ ಇದ್ದವು. ಅವಳನ್ನು ಸೋಲಿಸಿದ್ದು ಚಹಾ. ದಾರಿಯುದ್ದಕ್ಕೂ ಬೇಸಿಗೆಗೆ ಕುರಿ ಹೊಡೆದುಕೊಂಡು ಬಂದವರ ಉಣ್ಣೆಯ ಗುಡಾರಗಳು, ಎಲ್ಲವೂ ಗಂಡನ ಕಡೆಯವರವೇ. ಗುಡಾರದ ಮುಂದೆ ಹಾದುಹೋಗುವವರಿಗೆ ರೊಟ್ಟಿ ಹಿಡಿದು ‘ಬಾಯಿ ತಾಗಿಸಿ ಹೋಗು’ ಎನ್ನುತ್ತಾರೆ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳದೆ ದಾಟಿದರೆ ಆ ಮನೆಯ ಮುಖಕ್ಕೆ ಹೊಡೆದ ಹಾಗೆ. ಜರ್ಮನಿಯವರು ಕೈಬೀಸಿ ಓಡಿಬಿಡುತ್ತಾರೆ, ಅವರಿಗೆ ತಿಳಿಯದು ಎಂದು ಜನ ಬಿಟ್ಟುಬಿಡುತ್ತಾರೆ. ಸೊಸೆಗೆ ಆ ರಿಯಾಯಿತಿ ಉಂಟೇ? ರೊಟ್ಟಿಗೆ ಬಾಯಿ ತಾಗಿಸಿದರೆ ಕೂತುಕೋ ಎನ್ನುತ್ತಾರೆ, ಕೂತರೆ ಚಹಾ. ಚಹಾವನ್ನೂ ಬಟ್ಟಲಿನ ತಳ ಮುಚ್ಚುವಷ್ಟೇ ಸುರಿಯುವುದು, ಮತ್ತೆ ಮತ್ತೆ ಕೇಳಿ ಕುಡಿಯಲಿ, ಮಾತು ಬೆಳೆಯಲಿ ಎಂದು. ಬಟ್ಟಲು ತುಂಬಿಸಿ ಕೊಟ್ಟರೆ ‘ಇನ್ನು ಎದ್ದು ಹೋಗು’ ಎಂದು ಅರ್ಥ. ಮಾನವಂತರು ಯಾರೂ ಹಾಗೆ ಮಾಡುವುದಿಲ್ಲ.

ಎರಡನೆಯ ವರ್ಷ ಎಸೆನ್‌ಕುಲ್ ಗುಡಾರದ ಬಾಗಿಲಲ್ಲಿ ಕುದುರೆಯಿಂದಲೇ ಬಗ್ಗಿ, “ಅತ್ತಿಗೆ, ನಂಬರು ಕೊಡಿ” ಎಂದಾಗ ಕಲೀಪಾಳ ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಬೆಣ್ಣೆ ಸವರಿದ ರೊಟ್ಟಿ ಇತ್ತು. ಊರೆಲ್ಲ ನಕ್ಕಿತು. ಗಂಡನ ದೊಡ್ಡಮ್ಮ ಅಜಾರ್ ಅಪಾ ಅಂತೂ ಸಿಕ್ಕಸಿಕ್ಕವರ ಹತ್ತಿರ, “ನಮ್ಮ ಸೊಸೆ ಓಡೋಕೆ ಅಂತ ಹೋದ್ಲು, ಉಂಡು ಬಂದ್ಲು” ಎಂದು ಹೇಳಿಕೊಂಡು ತಿರುಗಿದಳು. ಆ ಮಾತು ಕಲೀಪಾಳಿಗೆ ನಾಟಿತು. ನಂಬರು ಬಿಚ್ಚಿಕೊಟ್ಟದ್ದಕ್ಕಿಂತ ಹೆಚ್ಚಾಗಿ ನಾಟಿತು.

ಮೂರನೆಯ ವರ್ಷ ಅವಳು ಒಂದು ಉಪಾಯ ಹೂಡಿದಳು. ಓಟದ ಹಿಂದಿನ ದಿನ ಗಂಡನ ಹಳೆಯ ಜೀಪಿನಲ್ಲಿ ಮೇಲಕ್ಕೆ ಹೋಗಿ, ದಾರಿಯಲ್ಲಿದ್ದ ಒಂದೊಂದು ಗುಡಾರದಲ್ಲೂ ಕೂತು, ರೊಟ್ಟಿ ಮುರಿದು, ಚಹಾ ಕುಡಿದು, ಕುದುರೆಹಾಲಿನ ಕಿಮಿಜ್ ಕೂಡ ಕುಡಿದು ಬಂದಳು. ನಾಳೆಯ ಬಾಬ್ತು ಇವತ್ತೇ ತೀರಿಸಿದ್ದೇನೆ, ನಾಳೆ ನನ್ನನ್ನು ಕಂಡರೂ ಕಾಣದ ಹಾಗೆ ಇರಬೇಕು ಎಂದು ಎಲ್ಲರಿಂದಲೂ ಮಾತು ತೆಗೆದುಕೊಂಡಳು. ಮುಂಗಡವಾಗಿ ಬಾಯಿ ತಾಗಿಸುವ ಪದ್ಧತಿಯನ್ನು ಯಾರೂ ಕೇಳಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು, ಆದರೂ ಒಪ್ಪಿದರು. ಹೊಟ್ಟೆ ಭಾರವಾಗಿ, ಮನಸ್ಸು ಹಗುರವಾಗಿ ಕಲೀಪಾ ಮನೆಗೆ ಬಂದು ಮಲಗಿದಳು.

ಮರುದಿನ ಎಲ್ಲವೂ ಅವಳು ಎಣಿಸಿದಂತೆಯೇ ನಡೆಯಿತು. ಒಂದು ಗುಡಾರದವರು ಅವಳು ಬರುವುದನ್ನು ನೋಡಿ ಬೆನ್ನು ತಿರುಗಿಸಿ ನಿಂತರು. ಇನ್ನೊಂದರ ಮುದುಕ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು, ಬೆರಳ ಸಂದಿಯಿಂದ ನೋಡಿದ. ಕಲೀಪಾ ನಗುತ್ತಲೇ ಘಟ್ಟ ಹತ್ತಿದಳು. ನೆತ್ತಿಯಲ್ಲಿ ನಿಂತು ಹಿಂದಿರುಗಿ ನೋಡಿದರೆ ಬಾಲದ ಕುದುರೆ ತೀರಾ ಕೆಳಗೆ, ತೊರೆಯ ಹತ್ತಿರ, ಒಂದು ಇರುವೆಯಷ್ಟೇ ಕಂಡಿತು. ಮುಂದಕ್ಕೆ ಬರೀ ಇಳಿಜಾರು. ದೂರದಲ್ಲಿ ಇಸಿಕ್-ಕುಲ್ ಸರೋವರದ ನೀಲಿ ಗೆರೆ. ಈ ಸಲ ಮುಗಿಯಿತು ಎಂದುಕೊಂಡಳು.

ಇಳಿದು ಮೊದಲ ತಿರುವು ದಾಟಿದಳು. ನಿನ್ನೆ ಬರೀ ಹುಲ್ಲಿದ್ದ ಕಡೆ ಒಂದು ಗುಡಾರ ಎದ್ದಿತ್ತು. ಕಟ್ಟಿದ ಹಗ್ಗಗಳು ಇನ್ನೂ ಬಿಗಿಯಾಗಿರಲಿಲ್ಲ. ಬಾಗಿಲಲ್ಲಿ ಕಟ್ಟಿದ್ದ ಕಂದು ನಾಯಿ ಅವಳಿಗೆ ಗೊತ್ತಿದ್ದ ನಾಯಿ. ಅದು ಅಜಾರ್ ಅಪಾಳ ಗುಡಾರ.

ಬರೀ ರೊಟ್ಟಿಯ ಮಾತಾಗಿದ್ದರೆ ಹೇಗೋ ಜಾರಿಕೊಳ್ಳಬಹುದಿತ್ತು. ಅಜಾರ್ ಅಪಾಳ ಗಂಡ, ಕಲೀಪಾಳ ಹಿರಿಮಾವ, ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. ಆಗ ಕಲೀಪಾ ಮಗಳ ಬಾಣಂತನಕ್ಕೆಂದು ಬಿಷ್ಕೆಕ್‌ನಲ್ಲಿದ್ದಳು. ಮರಳುವ ಹೊತ್ತಿಗೆ ಅಪಾ ಮಗನ ಜೊತೆ ಕುರಿಗಳನ್ನು ಹೊಡೆದುಕೊಂಡು ಬೆಟ್ಟಕ್ಕೆ ಹೋಗಿಯಾಗಿತ್ತು. ಸಾವಿನ ಮನೆಗೆ ಅವಳು ಇನ್ನೂ ಮುಖ ತೋರಿಸಿರಲಿಲ್ಲ.

ಹಿಂದಿನಿಂದ ಬಂದ ಒಬ್ಬ ಜರ್ಮನಿಯವನು ಕೈಬೀಸಿ ಅವಳನ್ನು ದಾಟಿ ಹೋದ. ಕಲೀಪಾ ದಾರಿಯ ನಡುವೆ ನಿಂತಳು. ಕೆಳಗೆ ಊರು ಕಾಣುತ್ತಿತ್ತು. ಈಗಲೂ ಯಾರೋ ಕರೆದರು, ಈಗಲೂ ಅರ್ಧಕ್ಕೇ ಎಂದು ಅವಳಿಗೆ ಸಿಟ್ಟು ಬಂತು; ಸತ್ತವರ ಮೇಲೆ ಸಿಟ್ಟಾದೆನಲ್ಲ ಎಂದು ತನ್ನ ಮೇಲೆಯೂ ಸಿಟ್ಟು ಬಂತು. ಆಮೇಲೆ ದಾರಿ ಬಿಟ್ಟು ಗುಡಾರದ ಕಡೆ ತಿರುಗಿ, ಆ ಕಡೆಯವರು ಸಾವಿನ ಮನೆಗೆ ಹೋಗುವಾಗ ಹೋಗುವಂತೆ, ದೂರದಿಂದಲೇ ದನಿ ತೆಗೆದು ಅಳುತ್ತಾ ನಡೆದಳು. ಜರ್ಮನಿಯವನು ಗಾಬರಿಯಿಂದ ಹಿಂದಕ್ಕೆ ಓಡಿಬಂದು ಚೀಲದಿಂದ ಬ್ಯಾಂಡೇಜು ತೆಗೆದ. ಕಲೀಪಾ ಅಳುತ್ತಲೇ ಅವನಿಗೆ ಹೋಗು ಹೋಗು ಎಂದು ಸನ್ನೆ ಮಾಡಿದಳು.

ಅಪಾ ಒಬ್ಬಳೇ ಇದ್ದಳು, ಮಗ ಕುರಿಗಳ ಜೊತೆ ಹೋಗಿದ್ದ. ಮುದುಕಿ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಇಬ್ಬರೂ ತಬ್ಬಿಕೊಂಡು ಅತ್ತರು. ಹಿರಿಮಾವನ ಹೆಸರನ್ನು ಸೊಸೆಯಾದವಳು ಬಾಯಲ್ಲಿ ಹೇಳುವಂತಿಲ್ಲ. ಬೆಟ್ಟದಂಥವರೇ, ನಮ್ಮ ನೆರಳೇ ಎಂದು ಕರೆದು ಅತ್ತಳು. ಈ ಸಲ ಅವಳ ಅಳುವನ್ನು ಯಾರೂ ನಿಲ್ಲಿಸಲಿಲ್ಲ, ಅದು ತಾನಾಗಿಯೇ ತೀರಿತು. ಅಪಾ ಅವಳನ್ನು ಅತಿಥಿಗಳು ಕೂರುವ ಮೇಲುಗಡೆ ಕೂರಿಸಿ ರೊಟ್ಟಿ ಮುರಿದಿಟ್ಟಳು, ಚಹಾಕ್ಕೆ ಇಟ್ಟಳು. ಬಾಣಂತಿಯ ವಿಷಯ, ಕೂಸಿನ ವಿಷಯ ಕೇಳಿದಳು. ಕಲೀಪಾ ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಓಟದ ಮಾತನ್ನು ಅವಳು ಎತ್ತಲಿಲ್ಲ.

ಎತ್ತಿದವಳು ಅಪಾ. ಕಲೀಪಾಳ ಎದೆಯ ನಂಬರನ್ನೇ ನೋಡುತ್ತಾ ಕೇಳಿದಳು, “ನಿನ್ನ ಹಿರಿಮಾವ ಎರಡು ವರ್ಷಾನೂ ಈ ಗುಡ್ಡದ ಮೇಲೆ ದುರ್ಬೀನು ಹಿಡ್ಕೊಂಡು ಕೂತಿದ್ದ, ಗೊತ್ತೇನೆ?”

ಕಲೀಪಾಳಿಗೆ ಗೊತ್ತಿರಲಿಲ್ಲ.

“ಕುರಿ ಕಾಯ್ತೀನಿ ಅಂತ ಹೇಳಿ ಕೂರ್ತಿದ್ದ. ಕುರಿ ಒಂದು ಕಡೆ, ದುರ್ಬೀನು ಒಂದು ಕಡೆ. ಆ ಕುದುರೆ ನಿನ್ನ ದಾಟಿದಾಗ ಬಾಯಿಗೆ ಬಂದ ಹಾಗೆ ಬೈದ. ನಿನ್ನನ್ನಲ್ಲ, ನಿಂಗೆ ಚಹಾ ಕೊಟ್ಟೋರನ್ನ. ನಾನು ನಕ್ಕೆ ಅಂತ ನನ್ನನ್ನೂ ಬೈದ.”

ಹೊರಗೆ ನಾಯಿ ಬೊಗಳಿತು. ಘಟ್ಟದ ಕಡೆಯಿಂದ ಕಲ್ಲಿನ ಮೇಲೆ ಗೊರಸಿನ ಸದ್ದು. ಕಲೀಪಾ ತಲೆ ಎತ್ತಲಿಲ್ಲ. ನಂಬರಿನ ಪಿನ್ನನ್ನು ಬಿಚ್ಚಲು ಕೈ ಹಾಕಿದಳು.

ಅಪಾ ಅವಳ ಬಟ್ಟಲನ್ನು ತೆಗೆದುಕೊಂಡು ಚಹಾ ಸುರಿದಳು. ಸುರಿಯುತ್ತಲೇ ಇದ್ದಳು. ಚಹಾ ಅಂಚಿಗೆ ಬಂತು, ತುಳುಕಿ ಮುದುಕಿಯ ಬೆರಳ ಮೇಲೆ ಇಳಿಯಿತು. ಆ ಬಟ್ಟಲನ್ನು ಕಲೀಪಾಳ ಮುಂದೆ ಇಟ್ಟಳು. ಕಲೀಪಾಳ ಮುಖಕ್ಕೆ ರಕ್ತ ನುಗ್ಗಿತು. ಮದುವೆಯಾಗಿ ಬಂದ ಮೇಲೆ ಯಾರೂ ಅವಳಿಗೆ ಬಟ್ಟಲು ತುಂಬಿಸಿ ಕೊಟ್ಟಿರಲಿಲ್ಲ. ಆಮೇಲೆ ಮುದುಕಿಯ ಕಣ್ಣು ನೋಡಿದಳು, ಅರ್ಥವಾಯಿತು.

“ನೋಡ್ತಾ ಕೂತಿದ್ಯಲ್ಲೇ” ಎಂದಳು ಅಪಾ. “ತುಂಬಿಸಿ ಕೊಟ್ಟಿದ್ದೀನಿ, ಏಳು.”

ಕಲೀಪಾ ಎದ್ದು ಓಡಿದಳು. ತಗ್ಗಿಗೆ ಇಳಿಯುವಷ್ಟರಲ್ಲಿ ಹಿಂದಿನಿಂದ ಅಪಾಳ ದನಿ ಕೇಳಿಸಿತು. ಅವಳು ರೊಟ್ಟಿ ಹಿಡಿದು ದಾರಿಗೆ ಅಡ್ಡ ನಿಂತು, ಬಾಯಿ ತಾಗಿಸಿ ಹೋಗಪ್ಪ ಎನ್ನುತ್ತಿದ್ದಳು. ಕೆಲಸದ ಮೇಲಿದ್ದೇನೆ ಅಪಾ ಎಂದು ಎಸೆನ್‌ಕುಲ್ ಹೇಳಿದ್ದೂ ಕೇಳಿಸಿತು. ಅದಕ್ಕೆ ಅಪಾ ಏನೆಂದಳೋ ಗಾಳಿಗೆ ತಿಳಿಯಲಿಲ್ಲ. ಕಲೀಪಾ ತಿರುಗಿ ನೋಡದೆ ಓಡಿದಳು. ಕಾಲು ನೋಯುತ್ತಿದ್ದವು, ಕಣ್ಣಿನಿಂದ ನೀರು ಇನ್ನೂ ಇಳಿಯುತ್ತಿತ್ತು, ಒರೆಸಿಕೊಳ್ಳಲು ನಿಲ್ಲಲಿಲ್ಲ. ಬೆನ್ನ ಹಿಂದೆ ಗೊರಸಿನ ಸದ್ದಿಗಾಗಿ ಕಿವಿ ಕಾಯುತ್ತಲೇ ಇತ್ತು, ಸದ್ದು ಬರಲಿಲ್ಲ. ಊರ ಬಾಗಿಲಿನ ಪಾಪ್ಲರ್ ಮರಗಳು ಬಂದವು, ಶಾಲೆ ಬಂತು, ಎರಡು ಗಳುಗಳ ನಡುವೆ ಕಟ್ಟಿದ ಕೆಂಪು ಬಟ್ಟೆ ಬಂತು. ಅದರ ಕೆಳಗೆ ಅವಳು ತನ್ನ ಕಾಲ ಮೇಲೆ ನಡೆದು ದಾಟಿದಳು. ಎಲ್ಲರಿಗಿಂತ ಕೊನೆಯವಳು. ಕೊರಳಿಗೆ ಉಣ್ಣೆಯ ಪದಕ ಬಿತ್ತು. ಅತ್ತೆ ಊರಿಗೆಲ್ಲ ಕೇಳುವಂತೆ, ಈ ವರ್ಷ ಉಪವಾಸ ಬಂದಿದ್ದಾಳೆ ಎಂದಳು.

ಬಾಲದ ಕುದುರೆ ಬಂದಾಗ ನೆರಳುಗಳು ಉದ್ದವಾಗಿದ್ದವು. ಓಟ ನಡೆಸುವವರು ಕಾದು ಕಾದು ಸಾಕಾಗಿ ಗೊಣಗುತ್ತಿದ್ದರು. ಎಸೆನ್‌ಕುಲ್ ಬಾವುಟಗಳ ಕಟ್ಟನ್ನು ಇಳಿಸಿ, ಕುದುರೆಯ ಜೀನು ಸಡಿಲಿಸತೊಡಗಿದ. ಕಲೀಪಾ ಹತ್ತಿರ ಹೋದಳು. ಕೊರಳಲ್ಲಿದ್ದ ಪದಕ ಅವಳಿಗೆ ಸ್ವಲ್ಪ ಭಾರವೆನಿಸುತ್ತಿತ್ತು.

“ಅಪಾ ನಿನ್ನ ಬಲವಂತ ಮಾಡಿ ಕೂರಿಸಿದ್ರು, ಅಲ್ವಾ?” ಎಂದು ಮೆಲ್ಲಗೆ ಕೇಳಿದಳು. “ನನ್ನಿಂದ ನಿನಗೆ ಬೈಸಿಕೊಳ್ಳೋ ಹಾಗಾಯ್ತು.”

ಎಸೆನ್‌ಕುಲ್ ಜೀನಿನ ಪಟ್ಟಿಯಿಂದ ಕಣ್ಣು ತೆಗೆಯಲಿಲ್ಲ.

“ಅಪಾ ಕೊಟ್ಟಿದ್ದು ಒಂದೇ ಬಟ್ಟಲು, ಅತ್ತಿಗೆ. ಎರಡನೆಯದನ್ನ ನಾನೇ ಕೇಳಿದೆ.”