ಓಣಿ ಎನ್ನಬೇಕಾದಲ್ಲಿ ಸಂದಿ ಎಂದೆ

ಗಂಗವ್ವನ ಮನೆಗೆ ನಂಬರು ಸಿಗದ ಹಾಗೆ ಮಾಡಿದವನು ನಾನು. ಗೊತ್ತಿದ್ದೇ ಮಾಡಿದೆ. ಮಾಡಿದ ಮೇಲೆ ಇಷ್ಟು ವರ್ಷ ಏನೂ ಗೊತ್ತಿಲ್ಲದವನ ಹಾಗೆ ಆಕೆಯ ಮನೆಯ ಮುಂದೆಯೇ ಓಡಾಡಿದೆ, ಆಕೆ ಬಡಿದ ಜೋಳದ ರೊಟ್ಟಿ ಕೊಂಡು ತಿಂದೆ, "ಆರಾಮ ಅದೀರೇನ್ರಿ ಅಕ್ಕಾರ" ಎಂದು ಕೇಳಿದೆ. ಕೇಳುವಾಗ ನನ್ನ ದನಿ ಒಮ್ಮೆಯೂ ನಡುಗಲಿಲ್ಲ — ಅದನ್ನು ನೆನೆದರೆ ಈಗ ಭಯವಾಗುತ್ತದೆ.

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ಕಡೆ ನಮ್ಮ ಊರು. ಅದು ಪಟ್ಟಣ ಪಂಚಾಯತಿ ಆದ ಹೊಸದರಲ್ಲಿ ಓಣಿಗಳಿಗೆ ಹೆಸರು, ಮನೆಗಳಿಗೆ ನಂಬರು ಕೊಡುವ ಕೆಲಸ ಶುರುವಾಯಿತು. ನಾನು ಆಗ ಅಲ್ಲಿ ಕಾರಕೂನ, ಅಂದರೆ ಗುಮಾಸ್ತ. ಮನೆ ಮನೆ ತಿರುಗಿ ಯಾವ ಬಾಗಿಲು ಯಾವ ದಾರಿಗೆ ತೆರೆದಿದೆ ಎಂದು ನೋಡಿ ನಕ್ಷೆಯಲ್ಲಿ ಗುರುತು ಮಾಡುವುದು ನನ್ನ ಪಾಲಿಗೆ ಬಂದಿತ್ತು. ನಿಯಮ ಬಹಳ ಸರಳ. ಊರವರೆಲ್ಲ ತಿರುಗಾಡುವ ದಾರಿ ಆದರೆ ಅದು ಓಣಿ. ಅದಕ್ಕೊಂದು ಹೆಸರು, ಅದಕ್ಕೆ ಬಾಗಿಲು ತೆರೆದ ಪ್ರತಿ ಮನೆಗೂ ಸ್ವಂತ ನಂಬರು. ಒಬ್ಬರ ಖಾಸಗಿ ಜಾಗದೊಳಗಿನ ಹಾದಿ ಆದರೆ ಅದು ಬರೀ ಸಂದಿ. ಅಲ್ಲಿರುವುದು ಮುಂದಿನ ಮನೆಯ ಹಿಂಭಾಗ ಎಂದೇ ಲೆಕ್ಕ, ಅದಕ್ಕೆ ಬೇರೆ ನಂಬರಿಲ್ಲ.

ಗಂಗವ್ವನ ಬಾಗಿಲು ತೆರೆದದ್ದು ಪೇಟೆ ರಸ್ತೆಯಿಂದ ಹಿಂದಿನ ಬಾವಿಗೆ ಹೋಗುವ ದಾರಿಗೆ. ಅರ್ಧ ಊರು ಆ ದಾರಿಯಲ್ಲಿ ಕೊಡ ಹೊತ್ತು ನಡೆದದ್ದನ್ನು ನಾನೇ ಕಂಡಿದ್ದೆ. ನನ್ನ ಅವ್ವನೂ ನಡೆದಿದ್ದಳು. ಹಾಗಾಗಿ ಪೆನ್ಸಿಲಿನಲ್ಲಿ 'ಓಣಿ' ಎಂದೇ ಬರೆದುಕೊಂಡೆ.

ಗಂಗವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಗಂಡ ತೀರಿಕೊಂಡು ಬಹಳ ದಿನ ಆಗಿರಲಿಲ್ಲ, ಕಂಕುಳಲ್ಲಿ ಸಣ್ಣ ಮಗಳು. ಅಣ್ಣತಮ್ಮಂದಿರ ಪಾಲಿನಲ್ಲಿ ಆ ಮನೆ ಗಂಡನಿಗೆ ಬಂದದ್ದು. ಮುಂದಿನ ದೊಡ್ಡ ಮನೆ ಗಂಡನ ಅಣ್ಣ ರುದ್ರಪ್ಪನದು.

"ಸಾಹೇಬ್ರ, ನಮ್ಮ ಮನಿಗೂ ಬ್ಯಾರೇನ ನಂಬರ ಬರತೈತಿಲ್ರಿ?"

"ಬರತೈತ್ರಿ ಅಕ್ಕಾರ," ಎಂದೆ.

ಆಕೆ ಎಷ್ಟು ಖುಷಿಪಟ್ಟಳೆಂದರೆ — ಒಳಗೆ ಹೋಗಿ ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಇಟ್ಟು ತಂದು ಕೈಗೆ ಕೊಟ್ಟಳು. ನಿಂತೇ ತಿಂದೆ.

ಮರುದಿನ ರುದ್ರಪ್ಪ ಮನೆಯ ಕಟ್ಟೆಗೆ ಕರೆಸಿದರು. ಚಹಾ ಬಂತು. "ತಮ್ಮಾ, ಅದೆಂಥಾ ಓಣಿ? ನಮ್ಮ ಮನಿ ಸಂದಿ ಅದು. ಹಂಗ ಬರಕೊ," ಎಂದರು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಬೇರೆಯೇ ಮಾತು ಎನ್ನುವ ಹಾಗೆ, "ನಿಮ್ಮ ತಂಗಿ ವಿಷಯಾ ಸವದತ್ತಿ ಮಂದಿ ಕಡೆ ಮಾತಾಡೇನಿ. ಹುಡುಗ ಚೊಲೊ ಅದಾನ," ಎಂದರು.

ಬೆದರಿಕೆ ಇರಲಿಲ್ಲ. ಎರಡು ಮಾತನ್ನು ಅವರು ಜೋಡಿಸಲೂ ಇಲ್ಲ. ಜೋಡಿಸಿದವನು ನಾನು. ಅಪ್ಪ ಇಲ್ಲದ ಮನೆ, ತಂಗಿ ಶೈಲಾಳಿಗೆ ಬಂದ ಸಂಬಂಧಗಳು ಒಂದಿಲ್ಲೊಂದು ನೆಪದಲ್ಲಿ ತಪ್ಪಿ ಹೋಗಿದ್ದವು. ಸವದತ್ತಿಯವರು ರುದ್ರಪ್ಪನ ಹತ್ತಿರದ ನೆಂಟರು. ನಾನು ಕಚೇರಿಗೆ ಬಂದು 'ಓಣಿ' ಅಳಿಸಿ 'ಸಂದಿ' ಎಂದು ಮಸಿಯಲ್ಲಿ ಬರೆದೆ. ಬರೆಯುವಾಗ ಕೈ ತಡೆಯಲಿಲ್ಲವೇ ಎಂದು ಕೇಳಿದರೆ — ತಡೆಯಿತು. ತಡೆದರೂ ಬರೆದೆ.

ನಂಬರು ಬರೆಯುವವರು ಗಂಗವ್ವನ ಬಾಗಿಲು ದಾಟಿ ಮುಂದೆ ಹೋದಾಗ ಆಕೆ ಕಚೇರಿಗೆ ಓಡಿ ಬಂದಳು. "ಬರತೈತಿ ಅಂದಿದ್ರೆಲ್ರಿ?"

"ಕಾನೂನಿನಾಗ ಬರಂಗಿಲ್ರಿ," ಎಂದೆ.

ಕಚೇರಿಯಲ್ಲಿದ್ದ ನಾಲ್ಕು ಜನರ ಮುಂದೆ, ಓದು ಬಾರದ ಹೆಂಗಸಿಗೆ, ನಾನು ಹೇಳಿದ ಸುಳ್ಳು ಅದು.

ಶೈಲಾಳ ಮದುವೆ ಆಯಿತು. ಹುಡುಗ ನಿಜಕ್ಕೂ ಒಳ್ಳೆಯವನು. ಈ ಕಡೆ ಗಂಗವ್ವ ಮನೆಗೆ ನೀರಿನ ನಳ ಕೇಳಿದರೆ ಕಚೇರಿಯವರು ನಂಬರು ಎಲ್ಲಿ ಎಂದರು. ರೊಟ್ಟಿ ಮಾರಾಟಕ್ಕೆ ಪರವಾನಗಿ ಕೇಳಿದರೂ ಅದೇ ಮಾತು. ಕೊನೆಗೆ ಎಲ್ಲವೂ ರುದ್ರಪ್ಪನ ನಂಬರಿನ ಮೇಲೆ ನಡೆಯಬೇಕಾಯಿತು. "ತಮ್ಮನ ಹೆಂಡ್ತಿನ್ನ ನಮ್ಮ ಮನ್ಯಾಗ ಇಟಗೊಂಡೇವಿ," ಎಂದು ಅವರು ಮಂದಿಯ ಮುಂದೆ ಹೇಳುತ್ತಿದ್ದರು. ತನ್ನ ಸ್ವಂತ ಮನೆಯಲ್ಲಿ ಆಕೆ ಹಂಗಿನವಳಾಗಿ ಬಾಳಿದಳು. ಇದು ನನ್ನದೇ ಮನೆ ಎಂದು ಆಕೆ ಹೇಳಿದರೆ ಜನ, "ದುರಾಸಿ ನೋಡು" ಎಂದರು. ಇದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಬಿದ್ದರೂ…

ನಾನು ನಿವೃತ್ತನಾದೆ, ರುದ್ರಪ್ಪ ತೀರಿಕೊಂಡರು. ವಿಷಯ ನನ್ನೊಂದಿಗೇ ಮುಗಿಯುತ್ತದೆ ಎಂದುಕೊಂಡಿದ್ದೆ.

ಹೋದ ವರ್ಷ ಒಂದು ಮಧ್ಯಾಹ್ನ ಪೇಟೆ ರಸ್ತೆಯಲ್ಲಿ ಆಂಬುಲೆನ್ಸ್ ಮುಂದೆ ಹೋಗುವುದು, ಹಿಂದೆ ಬರುವುದು ಮಾಡುತ್ತಿತ್ತು. ಚಾಲಕ ತಲೆ ಹೊರಗೆ ಹಾಕಿ ನನ್ನನ್ನೇ ಕೇಳಿದ: "ಕಾಕಾ, ರೊಟ್ಟಿ ಗಂಗವ್ವನ ಮನಿ ಎಲ್ಲೈತ್ರಿ? ಆಕಿ ಮಗಳಿಗೆ ಬ್ಯಾನಿ ಹತ್ಯಾವಂತ. ನಂಬರ ಕೇಳಿದ್ರ ಇಲ್ಲ ಅಂತಾರ. ನಂಬರ ಇಲ್ಲದ ಮನಿ ಎಲ್ಲಿರತೈತ್ರಿ?"

ಊರಲ್ಲಿ ಅಷ್ಟು ಜನರಿದ್ದರು. ಕೇಳಿದ್ದು ನನ್ನನ್ನು.

ಓಡಿದೆ. ಆ ದಾರಿ ತೋರಿಸಿದೆ, ಸ್ಟ್ರೆಚರಿಗೆ ಕೈ ಹಚ್ಚಿದೆ. ಕಂಕುಳಲ್ಲಿ ಕಂಡಿದ್ದ ಆ ಕೂಸೇ ಈಗ ಹೆರಿಗೆಗೆ ತವರಿಗೆ ಬಂದವಳು, ಹಲ್ಲು ಕಚ್ಚಿ ಮಲಗಿದ್ದಳು. ಗಂಗವ್ವ ನನ್ನ ಎರಡೂ ಕೈ ಹಿಡಿದು, "ದೇವ್ರ ಬಂದಂಗ ಬಂದ್ರಿ ಅಣ್ಣಾರ," ಎಂದಳು. ಬೈಲಹೊಂಗಲ ತಲುಪಿದ ಸ್ವಲ್ಪ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು, ತಾಯಿ ಮಗು ಇಬ್ಬರೂ ಕ್ಷೇಮ ಎಂದು ಸುದ್ದಿ ಬಂತು. ಆದರೆ ಆ ಮಾತು — ದೇವರು ಬಂದ ಹಾಗೆ — ಅದನ್ನು ಹೊತ್ತು ನನಗೆ ಇರಲಾಗಲಿಲ್ಲ.

ಮೊದಲು ಸವದತ್ತಿಗೆ ಹೋಗಿ ಶೈಲಾಳಿಗೆ ಹೇಳಿದೆ. ನನ್ನ ಒಳ್ಳೆಯದಕ್ಕಾಗಿ ಮಾಡಿದೆಯಲ್ಲ ಎಂದು ಆಕೆ ಸಮಾಧಾನ ಹೇಳಬಹುದು ಎಂಬ ಆಸೆ ಇತ್ತು, ಸುಳ್ಳೇಕೆ ಹೇಳಲಿ.

"ನನ್ನ ಸಂಸಾರದ ಬುಡಕ ಇನ್ನೊಬ್ಬಾಕಿ ಮನಿ ಹಾಕಿದ್ಯೇನಣ್ಣಾ? ನನ್ನ ಒಂದ ಮಾತ ಕೇಳಿದ್ಯೇನು?" ಎಂದಳು. ಕಣ್ಣೊರೆಸಿಕೊಂಡು, "ನಮ್ಮ ಮಂದಿ ಏನರೆ ಅಂದ್ಕೊಳ್ಳಲಿ. ಹೋಗಿ ಹೇಳು," ಎಂದಳು.

ಗಂಗವ್ವನ ಮುಂದೆ ಹೇಳುವಾಗ ಮೊಮ್ಮಗಳು ಆಕೆಯ ತೊಡೆಯ ಮೇಲಿದ್ದಳು. ಎಲ್ಲವನ್ನೂ ಹೇಳಿದೆ; ತಂಗಿಯ ಮದುವೆಯ ವಿಷಯವನ್ನು ಕಾರಣವಾಗಿ ಹೇಳಬಾರದೆಂದುಕೊಂಡಿದ್ದೆ, ಬಾಯಿಗೆ ಬಂದುಬಿಟ್ಟಿತು. ಆಕೆ ಕೂಸಿನ ಕಾಲು ಸವರುತ್ತ ಕೇಳಿಸಿಕೊಂಡಳು.

"ಇಷ್ಟ ದಿನಾ ಇದು ಕಾನೂನು ಅಂತ ತಿಳದಿದ್ದೆ," ಎಂದಳು. "ಕಾನೂನಿಗೆ ಬೈಯಾಕ ಬರತಿರಲಿಲ್ಲ. ನನ್ನ ಹಣಿಬರಾಕ್ಕ ಬೈಕೊಂಡ ಕುಂತಿದ್ದೆ."

ಆಕೆ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು.

"ನನ್ನ ಮುಂದ ಹೇಳಿದ್ರ ಮುಗೀತೇನ್ರಿ? ನಾ ಸುಳ್ಳಾಗಿದ್ದು ಊರ ಮುಂದ. ಊರ ಮುಂದ ಹೇಳ್ರಿ."

ಹಾಗಾಗಿ ಹೇಳಿದೆ. ಆ ದಾರಿಯನ್ನು ಸಾರ್ವಜನಿಕ ಓಣಿ ಎಂದು ಮಾಡಬೇಕೆಂದು ಗಂಗವ್ವ ಅರ್ಜಿ ಹಾಕಿದಳು. ತಕರಾರು ಇದ್ದವರು ಬರಲಿ ಎಂದು ಪಂಚಾಯತಿಯವರು ಡಂಗುರ ಸಾರಿಸಿದರು. ವಿಚಾರಣೆಯ ದಿನ ರುದ್ರಪ್ಪನ ಮಗ ತಕರಾರು ತೆಗೆಯಲೆಂದೇ ಬಂದಿದ್ದ. ಮುಖ್ಯಾಧಿಕಾರಿ, ಸದಸ್ಯರು, ಪೇಟೆಯ ಮಂದಿ, ಸವದತ್ತಿಯಿಂದ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಶೈಲಾ — ಎಲ್ಲರ ಮುಂದೆ ನಿಂತು, ನಾನು ಬೇಕೆಂದೇ ತಪ್ಪು ಬರೆದೆ, ಅದು ಓಣಿಯೇ ಎಂದೆ. ಯಾರೋ ಛೀ ಎಂದರು. ರುದ್ರಪ್ಪನ ಮಗ ಎದ್ದು ನಿಂತು ನನ್ನನ್ನು ನೋಡಿದ, ಆಮೇಲೆ ಗಂಗವ್ವನನ್ನು. "ಚಿಗವ್ವಾ, ನಂಗ ಇದು ಗೊತ್ತಿರಲಿಲ್ಲ. ನಂದೇನ ತಕರಾರಿಲ್ಲ," ಎಂದು ಕುಳಿತ.

ಅದು ಓಣಿ ಎಂದು ಪಂಚಾಯತಿಯಲ್ಲಿ ಠರಾವು ಪಾಸಾಯಿತು. ನಂಬರು ಬಂತು. ಮೊನ್ನೆ ನಳಕ್ಕೆ ಪೈಪು ಹಾಕಲು ಅಗೆಯುತ್ತಿದ್ದರು. ಗಂಗವ್ವ ಅಗೆಯುವವರ ತಲೆಯ ಮೇಲೆ ನಿಂತು ಆಚೆ ತಗೀರಿ, ಈಚೆ ತಗೀರಿ ಎಂದು ಗದರುತ್ತಿದ್ದಳು. ಆ ಗದರಿಕೆ ಕೇಳಲು ಎಷ್ಟು ಚೆನ್ನಾಗಿತ್ತು.

ಕ್ಷಮಿಸಿದೆ ಎಂದು ಆಕೆ ಹೇಳಿಲ್ಲ. ನಾನು ಕೇಳಿಯೂ ಇಲ್ಲ. ಆಕೆ ಇಷ್ಟು ವರ್ಷ ಹೊತ್ತ ನೀರನ್ನು, ಕೇಳಿಸಿಕೊಂಡ ಮಾತನ್ನು ಯಾವ ಠರಾವೂ ತಿರುಗಿ ಕೊಡುವುದಿಲ್ಲ.

ಈಗ ಓಣಿಗೆ ಹೆಸರು ಆಗಬೇಕು. ಅಲ್ಲಿ ಬಾಗಿಲು ಇರುವವರು, ಆಸುಪಾಸಿನವರು ಕೂತು ಆರಿಸಿ ಕೊಡಬೇಕೆಂದು ನಿಯಮ. ಹಳೆಯ ಕಾರಕೂನನಲ್ಲವೇ, ನಾನೂ ಬರಲೇ ಎಂದು ಗಂಗವ್ವನನ್ನು ಕೇಳಿದೆ. "ಬ್ಯಾಡ್ರಿ. ಇದನ್ನ ನಾವ ಮಾಡತೇವಿ," ಎಂದಳು. ಸಿಟ್ಟಿನಿಂದಲ್ಲ. ಸರಿ ಎನಿಸಿತು.

ನಿನ್ನೆ ಸಂಜೆ ಆ ಕಡೆ ಹಾದು ಬರುವಾಗ ಒಳಗಿನಿಂದ ಹೆಂಗಸರ ದನಿ, ಒಬ್ಬರ ಮಾತಿನ ಮೇಲೆ ಒಬ್ಬರ ಮಾತು, ನಡುವೆ ಎಲ್ಲರೂ ಕೂಡಿ ನಕ್ಕದ್ದು ಕೇಳಿಸಿತು. ಯಾವ ಹೆಸರಿಗೆ ನಕ್ಕರೋ. ತಿಳಿದುಕೊಳ್ಳಬೇಕೆನಿಸಿತು — ಆದರೆ ಅದು ಅವರ ಓಣಿ. ಪೇಟೆ ರಸ್ತೆಯ ಅಂಚಿನಲ್ಲಿ ತುಸು ಹೊತ್ತು ನಿಂತಿದ್ದು, ಮನೆಗೆ ಬಂದು ಇದನ್ನು ಬರೆಯಲು ಕುಳಿತೆ.