ಫರೀದಾಬಾದಿನ ಗೇಟಿನ ಹೊರಗೆ ಕಾಲು ಗಂಟೆ

ಜನವರಿಯ ಆ ಶನಿವಾರ ದೆಹಲಿಯ ಕಿದ್ವಾಯಿ ನಗರದ ಕ್ವಾರ್ಟರ್ಸಿನಿಂದ ನಾನು ಮಗಳು ಮೇಘನಾಳ ಜೊತೆ ಹೊರಟಾಗ ಹತ್ತು ಗಂಟೆಯಾದರೂ ಮಂಜು ಕರಗಿರಲಿಲ್ಲ. ನಿಜಾಮುದ್ದೀನಿನಿಂದ ಫರೀದಾಬಾದಿಗೆ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಅಂದು ಎರಡು ಗಂಟೆ ಹಿಡಿಯಿತು. ಹೆಂಡತಿ ಕಟ್ಟಿಕೊಟ್ಟಿದ್ದ ಚಪಾತಿ, ಚಟ್ನಿಪುಡಿ ಓಖ್ಲಾ ದಾಟುವಷ್ಟರಲ್ಲಿ ಖಾಲಿ.

ಮೇಘನಾಳದು ಮ್ಯಾನೇಜ್‌ಮೆಂಟಿನಲ್ಲಿ ಪಿಎಚ್.ಡಿ. ಫರೀದಾಬಾದಿನ ಒಂದು ಬೋಲ್ಟ್ ಕಾರ್ಖಾನೆಯಲ್ಲಿ ಕೆಲವು ತಿಂಗಳಿಂದ ಮಾಲು ಕೆಡುತ್ತಿತ್ತು. ಏಕೆಂದು ತಿಳಿಯುವುದು ಅವಳ ಕೆಲಸ. ಪ್ರಶ್ನಾವಳಿ ಹಂಚಿದರೆ ಕೆಲಸಗಾರರೆಲ್ಲ 'ತೊಂದರೆ ಇಲ್ಲ' ಎಂದೇ ಟಿಕ್ ಹಾಕಿದ್ದರು. ಕೂತು ಮಾತಾಡಿಸಿ ನೋಡುತ್ತೇನೆಂದು ಇವಳು ಹಟ ಹಿಡಿದಳು. ಗೈಡ್ ಕೊಟ್ಟ ಗಡುವು ಅಂದಿಗೆ ಮುಗಿಯುತ್ತಿತ್ತು. ಏನೂ ಸಿಗದಿದ್ದರೆ ವಿಷಯವನ್ನೇ ಬದಲಿಸಬೇಕು, ಒಂದು ವರ್ಷದ ದುಡಿಮೆ ನೀರುಪಾಲು. ಆ ಪ್ರಶ್ನಾವಳಿ ಬರೆದುಕೊಟ್ಟವನು ನಾನೇ. ಸರ್ಕಾರಿ ಕಚೇರಿಯಲ್ಲಿ ಜೀವಮಾನವೆಲ್ಲ ಫಾರ್ಮು ಎಣಿಸಿದ ನನಗೆ, ಹರಟೆ ಹೊಡೆದು ಡಾಕ್ಟರೇಟ್ ಪಡೆಯಬಹುದೆಂಬ ನಂಬಿಕೆ ಇರಲಿಲ್ಲ.

ಎರಡು ಗಂಟೆಯ ಪಾಳಿಗೆ ಬಂದವರು ಗೇಟಿನ ಹೊರಗೆ ಚಹಾದಂಗಡಿಯಲ್ಲಿ ಕಾಯುತ್ತಿದ್ದರು. ಲೇತ್ ಯಂತ್ರ ನಡೆಸುವ ರಾಮ್‌ಪಾಲ್ ಎಂಬವರ ಪಕ್ಕ ಮೇಘನಾ ಕುಳಿತಳು. ಮೆಷಿನ್ ಹೇಗಿದೆ ಎಂದು ಅವಳು ಕೇಳಿದರೆ ಆತ ಕೈಯಲ್ಲಿದ್ದ ಲೋಟ ತಿರುಗಿಸುತ್ತಾ ಕುಳಿತರು. ನನಗೆ ತಡೆಯಲಾಗಲಿಲ್ಲ.

"ತೊಂದರೆ ಇದೆಯೋ ಇಲ್ಲವೋ, ಅಷ್ಟು ಹೇಳಿ ಭಯ್ಯಾ," ಎಂದೆ ಹಿಂದಿಯಲ್ಲಿ.

"ಸಬ್ ಠೀಕ್ ಹೈ, ಸಾಹಬ್," ಎಲ್ಲ ಸರಿಯಿದೆ ಎಂದರು ಆತ.

ಮೇಘನಾ ನನ್ನ ಮೊಣಕೈ ಮುಟ್ಟಿದಳು. "ಅಪ್ಪಾ, ಪ್ಲೀಸ್, ಸ್ವಲ್ಪ ಸುಮ್ನಿರಿ. ಅವರಿಗೆ ಟೈಮ್ ಕೊಡಿ."

ಆಮೇಲೆ ಚಹಾದವನಿಗೆ ಕೈ ತೋರಿಸಿದಳು. ಇನ್ನೊಂದು ಚಹಾ ಬಂತು. ಅರ್ಧ ಕುಡಿದ ಮೇಲೆ ರಾಮ್‌ಪಾಲ್ ತಾವಾಗಿಯೇ ಬಾಯಿಬಿಟ್ಟರು. ಮೊದಲು ಕಾಲು ಗಂಟೆ ಮುಂಚೆಯೇ ಒಳಗೆ ಹೋಗುತ್ತಿದ್ದರಂತೆ. ಹೊರಡುವವನು, ಬಂದವನು ಮೆಷಿನ್ ಪಕ್ಕ ನಿಂತು ಒಟ್ಟಿಗೆ ಚಹಾ ಕುಡಿಯುವರು. ಅಂದು ಮೆಷಿನ್ ಏನು ಹಟ ಮಾಡುತ್ತಿದೆಯೆಂದು ಆಗಲೇ ಹೇಳಿಬಿಡುವರು. ಈಗ ಕೆಲವು ತಿಂಗಳಿಂದ ಹೊಸ ನಿಯಮ: ಸೈರನ್ ಆದ ಮೇಲೇ ಗೇಟು ತೆರೆಯುವುದು.

"ಅವನು ಆ ಬಾಗಿಲಿಂದ ಹೋಗ್ತಾನೆ, ನಾನು ಈ ಬಾಗಿಲಿಂದ ಬರ್ತೀನಿ. ಮೆಷಿನ್ ಹೇಗಿದೆ ಅಂತ ಯಾರನ್ನ ಕೇಳಲಿ, ಬೇಟಿ? ಮಾಲು ಕೆಟ್ಟ ಮೇಲೇ ಗೊತ್ತಾಗೋದು."

"ಫಾರ್ಮಿನಲ್ಲಿ ಇದನ್ನೇಕೆ ಬರೆಯಲಿಲ್ಲ?" ಎಂದೆ.

"ಅದರಲ್ಲಿ ಚಹಾದ ಮಾತೇ ಇರಲಿಲ್ಲವಲ್ಲ, ಸಾಹಬ್."

ನನಗೆ ನಾಚಿಕೆಯಾಯಿತು. ಮೇಘನಾ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದಳು.

ಸ್ಟೇಷನ್ನಿನ ಎಸ್‌ಟಿಡಿ ಬೂತಿನಿಂದ ಗೈಡ್‌ಗೆ ಫೋನ್ ಮಾಡಿ ಹೊರಬಂದಾಗ ಅವಳ ಮುಖ ಅರಳಿತ್ತು. "ಸರ್ ಒಪ್ಪಿದ್ರು ಅಪ್ಪಾ. ಥೀಸಿಸ್ ಹೀಗೇ ಕಂಟಿನ್ಯೂ ಮಾಡು ಅಂದ್ರು." ಅವಳು ಫಸ್ಟ್ ಕ್ಲಾಸ್ ಬಂದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ವಾಪಸು ರೈಲಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ತುಘಲಕಾಬಾದ್ ದಾಟಿದ ಮೇಲೆ ಅವಳು, "ಅಪ್ಪಾ, ನೀವು ಡೆಲ್ಲಿಗೆ ಹೊಸದಾಗಿ ಬಂದಾಗ ಆಫೀಸಲ್ಲಿ ಕೆಲಸ ಯಾರು ಹೇಳಿಕೊಟ್ರು?" ಎಂದಳು.

ಎರಡು ಮಾತಿನಲ್ಲಿ ಮುಗಿಸೋಣವೆಂದುಕೊಂಡೆ. ಆದರೆ ಮನೆಯಲ್ಲಿ ಯಾರಿಗೂ ಹೇಳದಿದ್ದುದನ್ನೆಲ್ಲ ನಿಜಾಮುದ್ದೀನ್ ಬರುವವರೆಗೂ ಹೇಳುತ್ತಲೇ ಇದ್ದೆ. ಅವಳು ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ.