ಊರಿಗೆಲ್ಲ ಒಂದೇ ರಕ್ತ

ಗಜೇಂದ್ರಗಡದ ಅರಳೆ ವ್ಯಾಪಾರಿಗಳ ಮನೆತನದ ಮಹಾಲಿಂಗಪ್ಪ ಪುಣೆಯ ಒಂದು ಪ್ರಯೋಗಶಾಲೆಯಲ್ಲಿ ವರ್ಷವೊಪ್ಪತ್ತು ಇದ್ದು, ೧೯೫೭ರ ಚಳಿಗಾಲದಲ್ಲಿ ಊರಿಗೆ ಮರಳಿದ. ಅಲ್ಲಿ ಮಾಡಿದ್ದು ಬಾಟಲಿ ತೊಳೆಯುವ ಕೆಲಸ, ಊರಲ್ಲಿ ಹೇಳಿಕೊಂಡದ್ದು ಸಂಶೋಧನೆ. ಬರುವಾಗ ಒಂದು ಬಿಳಿ ಕೋಟು, ಒಂದಿಷ್ಟು ಗಾಜಿನ ಪಟ್ಟಿ, ಎರಡು ಪುಟ್ಟ ಬಾಟಲಿ ತಂದಿದ್ದ. ಒಂದರಲ್ಲಿ ಗುರುತಿಗೆಂದು ನೀಲಿ ಬಣ್ಣ ಬೆರೆಸಿದ ಸೀರಂ, ಇನ್ನೊಂದರಲ್ಲಿ ಹಳದಿ ಬೆರೆಸಿದ್ದು. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯೇ ಸೀರಂ. ಅದರಲ್ಲಿರುವ ಪ್ರತಿಕಾಯಗಳು ತಮಗಾಗದ ರಕ್ತವನ್ನು ಹಿಡಿದು ಗಂಟುಗಟ್ಟಿಸುತ್ತವೆ. ನೀಲಿಯಲ್ಲಿ ಗಂಟಾದರೆ ಎ ಗುಂಪು, ಹಳದಿಯಲ್ಲಿ ಗಂಟಾದರೆ ಬಿ, ಎರಡರಲ್ಲೂ ಆದರೆ ಎಬಿ, ಎರಡರಲ್ಲೂ ಆಗದಿದ್ದರೆ ಓ. ಇಷ್ಟು ವಿದ್ಯೆ ಅವನಿಗೆ ಖಂಡಿತ ಬರುತ್ತಿತ್ತು.

ಬೀಳ್ಕೊಡುವಾಗ ಪುಣೆಯ ಸಾಹೇಬರು ಎರಡು ಮಾತು ಹೇಳಿದ್ದರು. ಸೀರಂ ಸದಾ ಐಸಿನಲ್ಲಿರಲಿ, ಕಾದರೆ ಅದು ಗಂಟುಗಟ್ಟಿಸುವುದನ್ನೇ ಬಿಡುತ್ತದೆ. ಗುಂಪು ಗೊತ್ತಿರುವ ರಕ್ತದ ಮೇಲೆ ಮೊದಲು ಸೀರಮ್ಮನ್ನೇ ಪರೀಕ್ಷಿಸು, ಮನುಷ್ಯರನ್ನು ಆಮೇಲೆ. ತಂದ ಐಸು ಗದಗಿನ ನಿಲ್ದಾಣದಲ್ಲೇ ನೀರಾಗಿ ಹೋಯಿತು. ಎರಡನೆಯ ಮಾತು ಅವನ ಬಿಳಿ ಕೋಟಿಗೆ ಕಡಿಮೆ ಅನ್ನಿಸಿತು. ಪರೀಕ್ಷೆ ಮಾಡುವವನು ಪರೀಕ್ಷೆಗೆ ಕೂತರೆ ಜನ ಏನೆಂದಾರು?

ಸೀರಂ ಎಲ್ಲಿಡುವುದೆಂಬ ಪ್ರಶ್ನೆಯನ್ನು ಅವನ ತಾಯಿ ಶೇಖವ್ವ ಬಗೆಹರಿಸಿದಳು.

"ತಂಪ ಜಾಗಾ ಅಂದ್ರ ದೇವರ ಕೋಣೀನ ತಮ್ಮಾ. ಮಾಡದಾಗ ಇಡು. ಯಾರೂ ಮುಟ್ಟಂಗಿಲ್ಲ."

ಮಾಡವೆಂದರೆ ಗೋಡೆಯ ಗೂಡು. ಅದರಲ್ಲಿ ಹಗಲೂ ರಾತ್ರಿ ಆರದ ನಂದಾದೀಪ. ಅದರ ಮಗ್ಗುಲಲ್ಲೇ ಬಾಟಲಿಗಳು ಕೂತವು. ಶೇಖವ್ವ ದೀಪಕ್ಕೆ ಎಣ್ಣೆ ಹಾಕುವಾಗ ಅವಕ್ಕೂ ವಿಭೂತಿ ಹಚ್ಚುತ್ತಿದ್ದಳು. ರಕ್ತ ತೋರಿಸಲು ಬಂದವರು ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದು ಬೆರಳು ಚಾಚುತ್ತಿದ್ದರು. ಪುಣೆಯ ಯಾವ ಸಾಹೇಬನಿಗೂ ಸಿಗದ ಮರ್ಯಾದೆ ಸಿಕ್ಕಾಗ ಮಹಾಲಿಂಗಪ್ಪ ಜಾಗ ಬದಲಿಸಲು ಹೋಗುತ್ತಾನೆಯೇ?

ಬೇಸಿಗೆ ಏರಿದಂತೆ ಒಂದು ಸೋಜಿಗ ನಡೆಯಿತು. ಬಂದವರೆಲ್ಲರ ರಕ್ತವೂ ಓ! ಬೇರೆ ಯಾರಾದರೂ ಆಗಿದ್ದರೆ ಬಾಟಲಿಯ ಮೇಲೆ ಅನುಮಾನಪಡುತ್ತಿದ್ದರು. ಮಹಾಲಿಂಗಪ್ಪನಿಗೆ ಸಿದ್ಧಾಂತ ಹೊಳೆಯಿತು. ನಮ್ಮೂರ ಗುಡ್ಡದ ನೀರು ಕುಡಿದವರ ರಕ್ತವೆಲ್ಲ ಒಂದೇ ಎಂದು ಮುಂಬಯಿಯ ವೈದ್ಯ ಪತ್ರಿಕೆಗೆ ಕಳಿಸಲು ಪ್ರಬಂಧ ಶುರುಮಾಡಿದ.

ರಾಜೂರಿನ ಜಮೀನುದಾರ ಗುರುಸಂಗಪ್ಪನಿಗೆ ಮಾತ್ರ ಈ ಸಿದ್ಧಾಂತ ಸೇರಲಿಲ್ಲ. ಅವನ ಜೊತೆ ಬಂದಿದ್ದ ಆಳು ದ್ಯಾವಪ್ಪನ ರಕ್ತವೂ ಓ ಅಂದಾಗ ಅವನು ಕೆಂಡವಾದ.

"ನನ್ನ ರಕ್ತಾ, ಇವನ ರಕ್ತಾ ಒಂದ ಅಂತೀಯೇನೋ? ಸರಿಯಾಗಿ ನೋಡು!"

ಮಹಾಲಿಂಗಪ್ಪ ಗಾಜಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ಗಂಭೀರವಾಗಿ ಹೇಳಿದ: "ಹೌದ್ರಿ ಗೌಡ್ರ, ತಪ್ಪಾತು. ನಿಮ್ಮದು ದೊಡ್ಡ ಓ. ದ್ಯಾವಪ್ಪಂದು ಸಣ್ಣ ಓ."

ಗೌಡ ಮೀಸೆ ತೀಡಿಕೊಂಡು ಹೋದ. ವಿಜ್ಞಾನ ಆ ದಿನ ಒಂದು ಹೆಜ್ಜೆ ಮುಂದೆ ಹೋಯಿತು.

ಮನೆಯಲ್ಲೂ ಅದೇ ಫಲ. ಬಸುರಿ ಹೆಂಡತಿ ನೀಲವ್ವನದು ಓ, ತನ್ನದೂ ಓ. ಜಕ್ಕಲಿಯಿಂದ ಬಂದ ಸೊಸೆಯನ್ನು ಕಂಡರಾಗದ ಶೇಖವ್ವ ಮೂಗು ಮುರಿದಳು.

"ಸುಳ್ಳ ಬಿಡು. ಜಕ್ಕಲಿಯವರ ರಕ್ತಾನ ಬ್ಯಾರೆ."

ಶ್ರಾವಣದಲ್ಲಿ ನೀಲವ್ವ ಹೆತ್ತಳು. ಕೂಸು ಚೆನ್ನಾಗಿತ್ತು, ಆದರೆ ತಾಯಿಯ ರಕ್ತಸ್ರಾವ ನಿಲ್ಲಲಿಲ್ಲ. ಅರಳೆಯ ಲಾರಿಯಲ್ಲಿ ಹಾಸಿಗೆ ಹಾಸಿ ಗದಗಿನ ದವಾಖಾನೆಗೆ ಒಯ್ಯುವಷ್ಟರಲ್ಲಿ ಅವಳ ತುಟಿ ಬಿಳುಪೇರಿತ್ತು. ಎಲ್ಲರೂ ಡಾಕ್ಟರ ಬಾಯಿ ಎನ್ನುತ್ತಿದ್ದ ಲೇಡಿ ಡಾಕ್ಟರು ನಾಡಿ ನೋಡಿ, ಈಗಲೇ ರಕ್ತ ಕೊಡಬೇಕು ಎಂದರು. ಮಹಾಲಿಂಗಪ್ಪ ಅಂಗಿಯ ತೋಳು ಮಡಚಿ ನಿಂತುಬಿಟ್ಟ.

"ನಂದ ತಗೋರಿ. ಇಬ್ಬರದೂ ಓ. ನಾನ ಟೆಸ್ಟ್ ಮಾಡೀನಿ, ನೀವು ಹೊತ್ತು ಕಳೀಬ್ಯಾಡ್ರಿ."

ಬಾಯಿಯವರು ಕಿವಿಗೆ ಹಾಕಿಕೊಳ್ಳಲಿಲ್ಲ. ಐಸಿನ ಪೆಟ್ಟಿಗೆಯಿಂದ ಸೀರಂ ತೆಗೆದರು. ಮೊದಲು ಗುಂಪು ಗೊತ್ತಿದ್ದ ಇಬ್ಬರು ನರ್ಸುಗಳ ರಕ್ತದ ಮೇಲೆ ಅದನ್ನೇ ಪರೀಕ್ಷಿಸಿದರು. ಹೊತ್ತು ಹಾಳಾಗುತ್ತಿದೆಯೆಂದು ಮಹಾಲಿಂಗಪ್ಪ ಕೈ ಹಿಸುಕಿಕೊಂಡ. ಆಮೇಲೆ ನೀಲವ್ವನ ರಕ್ತದ ಹನಿ ಬಿತ್ತು. ನೀಲಿ ಸೀರಮ್ಮಿನಲ್ಲಿ ಅದು ಒಡೆದ ಹಾಲಿನಂತೆ ಗಂಟುಗಂಟಾಯಿತು. ಅವನದು ಹಳದಿಯಲ್ಲಿ ಗಂಟಾಯಿತು. ಇಂಥ ಗಂಟು ಅವನು ಚಳಿಗಾಲ ಕಳೆದ ಮೇಲೆ ನೋಡಿಯೇ ಇರಲಿಲ್ಲ.

"ಆಕಿದು ಎ, ನಿಮ್ಮದು ಬಿ," ಅಂದರು ಬಾಯಿಯವರು. "ನಿಮ್ಮ ರಕ್ತಾ ಹಾಕಿದ್ರ ಆಕಿ ಇಲ್ಲೇ ಸಾಯ್ತಿದ್ಲು."

ಮಹಾಲಿಂಗಪ್ಪ ಮಡಚಿದ ತೋಳನ್ನು ಇಳಿಸಲೂ ಮರೆತು ಗೋಡೆಗೆ ಒರಗಿದ. ಬಂದವರ ರಕ್ತವನ್ನೆಲ್ಲ ಪರೀಕ್ಷಿಸಿದರು. ಹೊಂದಿದ್ದು ಶೇಖವ್ವನದು. ಅವಳು ಸೊಸೆಯ ಮಂಚದ ಪಕ್ಕದಲ್ಲಿ ಮಲಗಿ ತೋಳು ಚಾಚಿದಳು.

"ತಗೋರಿ ಯವ್ವಾ," ಅಂದಳು. "ಜಕ್ಕಲಿಯವರಿಗೂ ಇದ ಐತಿ ಅಂತ ಯಾರಿಗೆ ಗೊತ್ತಿತ್ತು?"

ನೀಲವ್ವ ಉಳಿದಳು. ಕಣ್ಣು ತೆರೆದು ಎಲ್ಲ ಕೇಳಿಸಿಕೊಂಡು, ಗಂಡನ ಕಡೆ ತಿರುಗಿದಳು.

"ಊರ ಮಂದಿ ರಕ್ತಾ ಎಲ್ಲಾ ನೀವು ನೋಡಿದ್ರಿ. ನಿಮ್ಮ ಬಾಟ್ಲಿ ಯಾರು ನೋಡಿದ್ರು?"

ಊರಿಗೆ ಬಂದವನೇ ಮಹಾಲಿಂಗಪ್ಪ ಮಾಡಕ್ಕೆ ಕೈ ಹಾಕಿದ. ಬಾಟಲಿಗಳು ಸ್ನಾನದ ನೀರಿನಷ್ಟು ಬೆಚ್ಚಗಿದ್ದವು. ಅವನ್ನು ಹಿತ್ತಲಲ್ಲಿ ಚೆಲ್ಲಿದ, ಪ್ರಬಂಧವನ್ನು ಒಲೆಗೆ ಹಾಕಿದ. ಆಮೇಲೆ ಬಿಳಿ ಕೋಟಿಲ್ಲದೆ ಮನೆಮನೆಗೆ ಹೋಗಿ, ನಾನು ಹೇಳಿದ ಗುಂಪು ಸುಳ್ಳು, ನಂಬಬೇಡಿ ಎಂದು ಹೇಳತೊಡಗಿದ. ಕೆಲವರು ಬೈದರು, ಬಹಳ ಮಂದಿ ನಕ್ಕರು. ಕೊನೆಗೆ ರಾಜೂರಿನ ಗೌಡನ ಕಟ್ಟೆಗೆ ಬಂದ.

ಗುರುಸಂಗಪ್ಪ ಎಲ್ಲ ಕೇಳಿ ಎಲೆ ಅಡಿಕೆ ಮೆಲ್ಲುತ್ತ ಹೇಳಿದ: "ನಂದು ಹಂಗ ಇರಲಿ ಬಿಡೋ. ದ್ಯಾವಪ್ಪಂದಷ್ಟ ತಪ್ಪಾಗೈತಿ ಅನ್ನು."

ಹಿಂದಾದರೆ ಮಹಾಲಿಂಗಪ್ಪ ಹೌದ್ರಿ ಎನ್ನುತ್ತಿದ್ದ. ಈಗ ಅವನಿಗೆ ನೀಲವ್ವನ ಬಿಳಿ ತುಟಿ ನೆನಪಾಯಿತು.

"ಗೌಡ್ರ, ದೊಡ್ಡ ಓ ಅನ್ನೂದು ಜಗತ್ತಿನ್ಯಾಗ ಎಲ್ಲೂ ಇಲ್ರಿ. ನಿಮ್ಮನ್ನ ಖುಷಿ ಮಾಡಾಕ ಹುಟ್ಟಿಸಿದ್ದೆ. ಅದನ್ನ ನಂಬಿ ರಕ್ತಾ ತಗೊಂಡ್ರ ಸಾಯ್ತೀರಿ."

ಗೌಡ ಅವನಿಗೆಂದು ತರಿಸಿದ್ದ ಚಹಾವನ್ನು ವಾಪಸು ಒಳಗೆ ಕಳಿಸಿದ. ಬಾಗಿಲ ಬಳಿ ನಿಂತಿದ್ದ ದ್ಯಾವಪ್ಪ ನಗು ತಡೆಯಲಾರದೆ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. ಮಹಾಲಿಂಗಪ್ಪ ಚಪ್ಪಲಿ ಮೆಟ್ಟಿಕೊಂಡು ಊರ ದಾರಿ ಹಿಡಿದ.